ಸಿಳ್ಳಕ್ಕನ ಹಲ್ಲು

ರಾತ್ರಿ ಎರಡು ದಾಟಿದ ಮೇಲೆ, ಹೆಡ್‌ಫೋನು ಹಾಕಿ ಕೂತಿದ್ದ ಅವಳ ಎಡಗಿವಿಯಲ್ಲಿ ಒಂದು ಸಣ್ಣ ಸಿಳ್ಳು ಕೇಳಿಸಿತು. ಕಿಟಕಿಯ ಸಂದಿನಲ್ಲಿ ಗಾಳಿ ನುಸುಳುವಾಗ ಬರುತ್ತದಲ್ಲ, ಅಷ್ಟೇ ತೆಳು. ಅವಳು ಹಾಡನ್ನು ನಾಲ್ಕು ಸೆಕೆಂಡು ಹಿಂದಕ್ಕೆ ಜರುಗಿಸಿ ಮತ್ತೆ ಕೇಳಿದಳು. ಡ್ರಮ್ ನಿಂತಿತು, ಬೇಸ್ ನಿಂತಿತು, ಗರಗಸ ಎಳೆದಂತಿದ್ದ ಗಿಟಾರಿನ ಸದ್ದು ಉಸಿರು ಕಟ್ಟಿ ಸತ್ತಿತು. ಎಲ್ಲ ಮುಗಿದ ಮೇಲೆ ಹಾಡುಗಾರ್ತಿ ‘ಸಾಕು’ ಅಂದಳು. ಆ ‘ಸ’ದ ಬಾಲಕ್ಕೆ ಅಂಟಿಕೊಂಡು ಸಿಳ್ಳು ಬಂತು, ಹೋಯಿತು.

ಊಟದ ಮೇಜಿನ ಮೇಲೆ ಎರಡು ವಸ್ತುಗಳಿದ್ದವು. ಒಂದು, ಗೋಡೆಯಿಂದ ಇಳಿಸಿದ ಹಳೆಯ ರೆಕಾರ್ಡಿನ ರಟ್ಟಿನ ಹೊದಿಕೆ. ಅದರ ತುಂಬ ತೆರೆದ ಒಂದು ಬಾಯಿ; ಮೂಗಿಲ್ಲ, ಕಣ್ಣಿಲ್ಲ, ಬರೀ ಹಲ್ಲು. ಇನ್ನೊಂದು, ಕೈಚೀಲದಲ್ಲಿ ಬಟ್ಟೆ ಸುತ್ತಿ ತಂದಿದ್ದ ಹಳದಿ ಪ್ಲಾಸ್ಟರಿನ ಅಚ್ಚು. ಅದೂ ಒಂದು ಬಾಯಿಯದೇ. ಅವಳು ಒಮ್ಮೆ ಇದನ್ನು ನೋಡುವಳು, ಒಮ್ಮೆ ಅದನ್ನು.

ನೀರು ಕುಡಿಯಲು ಎದ್ದು ಬಂದ ಗಂಡ ಬಾಗಿಲಲ್ಲೇ ನಿಂತ. “ಯಾರ ಹಲ್ಲೇ ಅದು?”

“ಲ್ಯಾಬಿಂದು.”

“ಇವತ್ತು ಹಲ್ಲು ತಂದಿದೀಯ. ನಾಳೆ ಹಲ್ಲಿನವರನ್ನೂ ಕರ್ಕೊಂಡ್ ಬಾ, ಊಟಕ್ಕೆ ಹಾಕೋಣ,” ಅಂದು ಅವನು ಲೋಟ ಬೋರಲು ಹಾಕಿ ಮತ್ತೆ ಮಲಗಲು ಹೋದ. ಅವನು ಹೋದ ಮೇಲೂ ಬಹಳ ಹೊತ್ತು ಅವಳು ಅಚ್ಚಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಅವಳಿಗೆ ನಲವತ್ತೆಂಟು. ಕಟ್ಟಿಸಿದ ಹಲ್ಲು ತಯಾರು ಮಾಡುವ ಲ್ಯಾಬಿನಲ್ಲಿ ಇಪ್ಪತ್ತೈದು ವರ್ಷದಿಂದ ಕೆಲಸ. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವವಳು, ಬಸ್ಸಿನಲ್ಲಿ ಯಾರಾದರೂ ಅವಳ ಕಾಲು ತುಳಿದರೆ ತಾನೇ ‘ಸಾರಿ’ ಅನ್ನುವವಳು. ಕಾಲೇಜಿನ ಮೊದಲ ವರ್ಷ ಹಾಸ್ಟೆಲಿನ ಪಕ್ಕದ ಕೋಣೆಯಿಂದ ಗೋಡೆ ದಾಟಿ ಬಂದ ಒಂದು ದನಿ ಅವಳನ್ನು ಹಿಡಿದು ನಿಲ್ಲಿಸಿತ್ತು. ಬ್ಯಾಂಡಿನ ಹೆಸರು ‘ತುಕ್ಕು’. ಪಂಕ್ ಎಂಬ ಸಿಟ್ಟಿನ ರಾಕ್ ಸಂಗೀತದ ಅಬ್ಬರ ಇಳಿದ ಮೇಲೆ ಹುಟ್ಟಿದ, ಪೋಸ್ಟ್-ಪಂಕ್ ಅನ್ನುವ ಪೈಕಿಯದು. ತಗಡು ಬಡಿದಂಥ ಡ್ರಮ್ಮು, ಮುಂದೆ ಬಂದು ಎದೆಗೆ ಗುದ್ದುವ ಬೇಸು, ಅವುಗಳ ನಡುವೆ ಹಾಡದೆ, ಅಳದೆ, ಯಾರ ಮೇಲೋ ದೂರು ಕೊಡಲು ನಿಂತವಳಂತೆ ಮಾತಾಡುವ ಒಬ್ಬ ಹೆಂಗಸು. ಈ ಹೆಂಗಸಿಗೆ ಯಾರ ಹೆದರಿಕೆಯೂ ಇಲ್ಲ, ಎಂದು ಹದಿನೇಳರ ಹುಡುಗಿಗೆ ಅನ್ನಿಸಿತು. ಅಂದಿನಿಂದ ಪರೀಕ್ಷೆಗೆ ಹೋಗುವ ಮುಂಚೆ, ಸಂದರ್ಶನಕ್ಕೆ ಹೋಗುವ ಮುಂಚೆ, ಹೆರಿಗೆಗೆ ಆಸ್ಪತ್ರೆ ಸೇರುವ ಮುಂಚೆಯೂ ಅವಳು ಕೇಳಿಕೊಂಡು ಹೋದದ್ದು ಅದೇ ದನಿಯನ್ನು. ಹಲ್ಲಿನ ಕೆಲಸ ಕಲಿತದ್ದಕ್ಕೂ ರೆಕಾರ್ಡಿನ ಮೇಲಿನ ಆ ಬಾಯಿಗೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ.

ಬ್ಯಾಂಡು ಮೂರೇ ರೆಕಾರ್ಡು ತಂದು ಮುರಿದುಬಿತ್ತು. ಹಾಡುಗಾರ್ತಿ ಎಲ್ಲಿಗೆ ಹೋದಳೋ ಯಾರಿಗೂ ಪತ್ತೆಯಿಲ್ಲ. ಲೋಕ ಮರೆಯಿತು, ಮೂವತ್ತೇಳು ಜನ ಮರೆಯಲಿಲ್ಲ. ಇವಳೂ ಸೇರಿ ಆ ಮೂವತ್ತೇಳು ಜನರ ಗುಂಪಿಗೆ ಒಬ್ಬ ಮುಖ್ಯಸ್ಥನಿದ್ದ, ವಿಮಾ ಕಚೇರಿಯ ನಿವೃತ್ತ ಗುಮಾಸ್ತ. ಬ್ಯಾಂಡಿನ ಪ್ರತಿಯೊಂದು ಚೀಟಿ, ಟಿಕೆಟ್ಟು, ಪತ್ರಿಕೆಯ ತುಣುಕು ಅವನ ಫೈಲುಗಳಲ್ಲಿ ಇದ್ದುದರಿಂದ ಅವನಿಗೆ ಕಡತಪ್ಪ ಎಂದೇ ಹೆಸರು. ಹಾಡುಗಾರ್ತಿಗೆ ಗುಂಪು ಇಟ್ಟ ಹೆಸರು ಸಿಳ್ಳಕ್ಕ. ಅವಳ ಮುಂದಿನ ಎರಡು ಹಲ್ಲಿನ ನಡುವೆ ದೊಡ್ಡ ಸಂದು. ‘ಸ’ ಬಂದಾಗಲೆಲ್ಲ ಅಲ್ಲಿಂದ ಗಾಳಿ ಸಿಳ್ಳಿಡುತ್ತಿತ್ತು. ಆದರೆ ಅವಳ ಹಾಡಿನಲ್ಲಿ ‘ಸ’ ಬರುವುದೇ ಅಪರೂಪ. ಸಂಜೆ ಇಲ್ಲ, ‘ಹಗಲು ಮುರಿದ ಹೊತ್ತು’ ಇದೆ. ಸಮುದ್ರ ಇಲ್ಲ, ಕಡಲಿದೆ. ಮೂರು ರೆಕಾರ್ಡಿನಲ್ಲಿ ಸಿಳ್ಳು ಒಟ್ಟು ಹನ್ನೊಂದು ಕಡೆ ಎಂದು ಕಡತಪ್ಪ ಪಟ್ಟಿ ಮಾಡಿದ್ದ. ಸರ್ಕಾರ, ಸಂಸಾರ, ಸಮಾಜ ಮೂರನ್ನೂ ಆಕೆ ಬಾಯಿಂದಲೇ ಹೊರಗಿಟ್ಟಿದ್ದಾಳೆ ಎಂಬುದು ಅವನ ವಾದ. ಆ ಬಗ್ಗೆ ಅರವತ್ತು ಪುಟ ಬರೆದಿದ್ದ. ಅವನ ಮನೆಯ ಗಾಜಿನ ಕಪಾಟಿನಲ್ಲಿ ಆಕೆಯದೊಂದು ಬಾಚಣಿಗೆಯೂ ಇತ್ತು. ಎಲ್ಲಿಂದ ಬಂತು ಎಂದು ಕೇಳಿದರೆ ನಕ್ಕು ಮಾತು ಬದಲಿಸುತ್ತಿದ್ದ. ಒಮ್ಮೆ ಅದನ್ನು ಮುಟ್ಟಲು ಕೊಟ್ಟಾಗ ಇವಳು ಎರಡು ದಿನ ಹಿಗ್ಗಿದ್ದಳು.

ಅಚ್ಚು ಮನೆಗೆ ತಂದ ಆ ದಿನ ಮಧ್ಯಾಹ್ನ ಲ್ಯಾಬಿಗೆ ಎಂದಿನಂತೆ ಡಬ್ಬಿಗಳು ಬಂದಿದ್ದವು. ಒಂದರಲ್ಲಿ ಎರಡು ಅಚ್ಚು: ಹಲ್ಲು ಕೀಳುವ ಮುಂಚಿನ ಬಾಯಿಯದೊಂದು, ಕಿತ್ತು ವಸಡು ಮಾಯ್ದ ಮೇಲಿನದೊಂದು. ಜೊತೆಗೆ ಡಾಕ್ಟರ ಚೀಟಿ. ಹೆಸರಿಲ್ಲ, ಬರೀ ನಂಬರು. ಹೆಂಗಸು, ಅರವತ್ತನಾಲ್ಕು. ಮೇಲಿನ ಸೆಟ್ಟು. ಕೊನೆಯಲ್ಲಿ, ‘ಮುಂದಿನ ಸಂದು ಮುಚ್ಚಿ.’

ಹಳೆಯ ಬಾಯಿಯ ಅಚ್ಚನ್ನು ಕೈಗೆತ್ತಿಕೊಂಡವಳು ಅದನ್ನು ದೀಪದ ಕೆಳಗೆ ಹಿಡಿದಳು. ಸಂದು ಒಂದೇ ಆಗಿದ್ದರೆ ಅಷ್ಟು ಹೆಚ್ಚಲ್ಲ, ಸಂದಿನ ಹಲ್ಲು ಎಷ್ಟೋ ಜನರಿಗಿರುತ್ತದೆ. ಆದರೆ ಬಲಗಡೆಯ ಹಲ್ಲಿನ ಮೂಲೆ ಓರೆಯಾಗಿ ಚೂರು ಹಾರಿತ್ತು. ಎಡಗಡೆಯದು, ಜನಜಂಗುಳಿಯಲ್ಲಿ ಭುಜ ಮುಂದೆ ಮಾಡಿ ನುಗ್ಗುವವರ ಹಾಗೆ ತಿರುಗಿ ನಿಂತಿತ್ತು. ಆ ಬಾಯಿಯನ್ನು ಅವಳು ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ನೋಡುತ್ತ ಬಂದಿದ್ದಳು. ಮುಖ ನೋಡಿದ್ದರೆ ಗುರುತು ಸಿಗುತ್ತಿತ್ತೋ ಇಲ್ಲವೋ, ಹಲ್ಲಂತೂ ತಪ್ಪುವಂತಿರಲಿಲ್ಲ. ಸಂದನ್ನು ಅಳೆದಳು: ಎರಡೂವರೆ ಮಿಲಿಮೀಟರ್. ಸಂಜೆ ಲ್ಯಾಬಿನವರೆಲ್ಲ ಮನೆಗೆ ಹೋದ ಮೇಲೆ ರಬ್ಬರಿನಲ್ಲಿ ಅಚ್ಚಿನ ಪಡಿಯಚ್ಚು ತೆಗೆದು, ಪ್ಲಾಸ್ಟರು ಸುರಿದು, ಇನ್ನೊಂದು ಮಾಡಿಕೊಂಡು ಮನೆಗೆ ತಂದಳು. ರಾತ್ರಿ ಮೇಜಿನ ಮೇಲೆ ರಟ್ಟಿನ ಪಕ್ಕ ಇಟ್ಟು ನೋಡಿದ ಮೇಲೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅಚ್ಚನ್ನು ಬೀರುವಿನಲ್ಲಿ ಸ್ವೆಟರುಗಳ ಕೆಳಗೆ ಇಟ್ಟಳು.

ನಿದ್ದೆ ಬರಲಿಲ್ಲ. ಹಲ್ಲೆಲ್ಲ ಕಿತ್ತಾಗಿದೆ, ಅಂದರೆ ಆ ಸಿಳ್ಳು ಈಗಾಗಲೇ ಲೋಕದಲ್ಲಿಲ್ಲ. ಅದು ಮರಳಿ ಬರುವುದೋ ಇಲ್ಲವೋ ಎಂಬುದು ಇವಳ ಮೇಣದ ಚಾಕುವಿನ ತುದಿಯಲ್ಲಿತ್ತು.

ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ, ಈ ಕೇಸಿನ ಹಳೆಯ ಅಚ್ಚಿನಲ್ಲಿ ಸಂದು ಇದೆಯಲ್ಲ, ಹಾಗೇ ಬಿಡಬಹುದಾ ಎಂದು ಕೇಳಿದಳು. ಡಾಕ್ಟರು ಒಂದು ಕೈಯಲ್ಲಿ ಯಾರದೋ ಬಾಯಿ ಹಿಡಿದುಕೊಂಡೇ ಮಾತಾಡುತ್ತಿದ್ದಂತಿತ್ತು. ಎಲ್ಲರಿಗೂ ಮುಚ್ಚುವುದೇ, ಇವರಿಗೂ ಮುಚ್ಚಿ, ಸಂದು ಬೇಕೂಂತ ಯಾರು ಕೇಳ್ತಾರೆ, ಅಂದರು. ಆಕೆಯನ್ನು ಕೇಳಿದಿರಾ ಎಂಬ ಪ್ರಶ್ನೆ ಇವಳ ನಾಲಿಗೆಯ ತನಕ ಬಂದು ಅಲ್ಲೇ ಕೂತಿತು. ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಕೇಳದೆ ಇದ್ದುದರಿಂದ ಅವಳು ತನಗೆ ಬೇಕಾದ ಉತ್ತರ ಇಟ್ಟುಕೊಂಡಳು: ಆಕೆಯನ್ನು ಯಾರೂ ಕೇಳಿಲ್ಲ, ಡಾಕ್ಟರು ಅಭ್ಯಾಸಬಲದಿಂದ ಬರೆದಿದ್ದಾರೆ, ತಿಳಿದವಳು ತಾನೊಬ್ಬಳೇ.

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅವಳು ಚೀಟಿ ಮೀರಿದಳು. ಬಾಯಿಗಿಟ್ಟು ನೋಡಲೆಂದು ಮೊದಲು ಮಾಡುವ ಮೇಣದ ದಿಂಡಿನ ಮೇಲೆ ಹಲ್ಲು ಕೂರಿಸುತ್ತ ಬಂದು, ಮುಂದಿನ ಎರಡರ ನಡುವೆ ಎರಡೂವರೆ ಮಿಲಿಮೀಟರ್ ಬಿಟ್ಟಳು. ಬಲಗಡೆಯ ಹಲ್ಲಿನ ಮೂಲೆಯನ್ನು ಸಣ್ಣ ಚಕ್ರದಿಂದ ಓರೆಯಾಗಿ ತೇಯ್ದಳು. ಎಡಗಡೆಯದಕ್ಕೆ ಭುಜ ಮುಂದೆ ಮಾಡಿದಳು. ಅಷ್ಟು ಚೆಂದದ ಕೆಲಸವನ್ನು ತಾನು ಎಂದೂ ಮಾಡಿರಲಿಲ್ಲ ಎಂದು ಅವಳಿಗೇ ಗೊತ್ತಿತ್ತು.

ಲ್ಯಾಬಿನ ಯಜಮಾನರಿಗೆ ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು. ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. “ಏನಮ್ಮ, ಚೀಟಿ ಓದೋಕೆ ನಾನ್ ಬರ್ಬೇಕಾ?”

ಹಳೆಯ ಬಾಯಿ ಹೀಗೇ ಇತ್ತು, ಮೇಣದ ಹಂತ ತಾನೆ, ಬೇಡ ಅಂದರೆ ಸರಿಸಬಹುದು ಎಂದು ಅವಳು ತಡವರಿಸಿದಳು. ಡಾಕ್ಟರು ತಿರುಗಿಬಿದ್ದರೆ ಆ ಕ್ಲಿನಿಕ್ಕಿನ ಕೆಲಸವೇ ಕೈತಪ್ಪುತ್ತೆ, ಗೊತ್ತಿರಲಿ ಎಂದು ದೊಡ್ಡಪ್ಪ ಎಚ್ಚರಿಸಿದರು. ಆದರೂ ಡಬ್ಬಿಗೆ ಮುಚ್ಚಳ ಹಾಕಿದ್ದು ಅವರೇ.

ನಾಲ್ಕನೆಯ ದಿನ ಡಾಕ್ಟರ ಫೋನು ಬಂತು. ದೊಡ್ಡಪ್ಪ ಕೇಳಿಸಿಕೊಂಡು, ರಿಸೀವರು ಇಟ್ಟು, ವಿಷಯ ಹೇಳಿದರು. ಹಲ್ಲು ಹಾಕಿ ನೋಡಿದಾಕೆ ಕನ್ನಡಿ ಮುಂದೆ ಅತ್ತರಂತೆ. ಡಾಕ್ಟರು ಚೀಟಿ ತೋರಿಸಿ ತಪ್ಪು ತಮ್ಮದಲ್ಲ ಅಂದಿದ್ದಾರೆ. ಇದನ್ನು ಮಾಡಿದವರು ಯಾರು, ನಾನೇ ಹೋಗಿ ನೋಡಬೇಕು ಎಂದು ಆಕೆ ಇತ್ತಲೇ ಹೊರಟಿದ್ದಾರೆ.

ಅತ್ತರು ಎಂಬ ಒಂದು ಮಾತನ್ನು ಅವಳ ಮನಸ್ಸು ಎರಡು ಕಡೆಗೂ ಎಳೆದಾಡಿತು. ಕಳೆದುಹೋದದ್ದು ಸಿಕ್ಕಿತೆಂದು ಅತ್ತಿರಬಾರದೇಕೆ?

ಬಂದಾಕೆ ಕುಳ್ಳಗಿದ್ದರು. ಕಂದು ಸ್ವೆಟರು, ಬಟ್ಟೆಯ ಚೀಲ, ದಾರದಲ್ಲಿ ನೇತಾಡುವ ಕನ್ನಡಕ, ಬಾಯಿಗೆ ಅಡ್ಡ ಕರವಸ್ತ್ರ. ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತಿದ್ದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಇವಳು ಸ್ಟೂಲು ಎಳೆದು, “ಕೂತ್ಕೊಳ್ಳಿ ಅಕ್ಕ,” ಅಂದಳು. ಮೇಡಂ ಅನ್ನಬೇಕಿತ್ತು. ಆಕೆ ಡಬ್ಬಿ ತೆರೆದು ಹಲ್ಲಿನ ಸೆಟ್ಟನ್ನು ಮೇಜಿನ ಮೇಲಿಟ್ಟರು.

“ತಪ್ಪಾಯ್ತು,” ಅಂದಳು ಇವಳು.

“ತಪ್ಪಲ್ಲ ಇದು. ಅಳತೆ ತಗೊಂಡು ಮಾಡಿರೋದು.” ಹಲ್ಲಿಲ್ಲದ ಬಾಯಿಯ ಮಾತು ಮೆತ್ತಗಿತ್ತು, ಆದರೆ ಆ ದನಿಯ ಏಟು ಹಾಗೇ ಇತ್ತು. ಆಕೆ ಬೆರಳ ತುದಿಯಿಂದ ತೇಯ್ದ ಮೂಲೆಯನ್ನು ಮುಟ್ಟಿದರು. “ಈ ಚೂರು ಹಾರಿದ್ದು ಹನ್ನೆರಡನೇ ವಯಸ್ಸಲ್ಲಿ. ಇದನ್ನೂ ಬಿಟ್ಟಿಲ್ಲ ನೀವು. ಹಾಡು ಕೇಳೋರ ಪೈಕಿನಾ?”

ಅಲ್ಲ ಅನ್ನಲು ಅವಳಿಗೆ ಧೈರ್ಯ ಬರಲಿಲ್ಲ. ಹೌದೆಂದು ತಲೆಯಾಡಿಸಿದಳು. ದೊಡ್ಡಪ್ಪ ಇದೇನು ಕಥೆ ಎಂಬಂತೆ ಇಬ್ಬರನ್ನೂ ನೋಡಿ, ಒಳಗೆ ಏನೋ ಕುದಿಯುತ್ತಿದೆ ಎಂದು ನೆಪ ಹೇಳಿ ಎದ್ದು ಹೋದರು.

ಆಕೆ ಕೂಗಾಡುವರು ಎಂದುಕೊಂಡಿದ್ದಳು. ಕೂಗಾಡಲಿಲ್ಲ. ಸ್ಟೂಲಿನ ಮೇಲೆ ಸರಿಯಾಗಿ ಕೂತು, ದಣಿದವರು ದಾರಿ ಹೇಳುವ ಹಾಗೆ ಹೇಳತೊಡಗಿದರು. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಸರ್’ ಅಂದರೆ ಇಡೀ ತರಗತಿ ಸಿಳ್ಳಿಡುತ್ತಿತ್ತಂತೆ. ಆಮೇಲೆ ನಗುವಾಗ ಬಾಯಿಗೆ ಕೈ, ಮಾತಾಡುವಾಗ ಬಾಯಿಗೆ ಕೈ. ರೆಕಾರ್ಡಿಗೆ ಬಾಯಿಯ ಚಿತ್ರ ಹಾಕಿದ್ದು ಬ್ಯಾಂಡಿನ ಉಳಿದ ಮೂವರು, ಇವರಿಗೆ ಗೊತ್ತಾದದ್ದು ಅಂಗಡಿಯ ಗೋಡೆಯ ಮೇಲೆ ಕಂಡಾಗ.

“ಹಾಡು ಬರೆಯೋವಾಗ ‘ಸ’ ಇಲ್ಲದ ಪದಾನೇ ಹುಡುಕ್ತಿದ್ದೆ. ಒಂದೊಂದು ಸಾಲಿಗೆ ಒಂದೊಂದು ವಾರ. ನಿಮ್ಮೋರು ಏನೇನೋ ಬರೆದಿದಾರಂತೆ ಅದರ ಮೇಲೆ. ಅದು ಭಯ ಕಣಮ್ಮ. ಶೈಲಿ ಗೀಲಿ ಅಲ್ಲ.”

“ಮತ್ತೆ ಆ ‘ಸಾಕು’?” ಇವಳ ಬಾಯಿಂದ ತಡೆಯಲಾಗದೆ ಬಂತು.

“ಅದು ಹಾಡಿನ ಪದ ಅಲ್ಲ. ಗಂಟಲು ಕಟ್ಟಿತ್ತು, ಮೆಷಿನ್ ನಿಲ್ಸು ಅಂತ ರೆಕಾರ್ಡಿಂಗಿನವನಿಗೆ ಹೇಳಿದ್ದು. ಅವನು ಹಾಗೇ ಬಿಟ್ಟ.” ಆಕೆ ಸೆಟ್ಟನ್ನು ಇವಳ ಕಡೆಗೆ ಸರಿಸಿದರು. “ಹಾಡು ನಂದು. ಅದನ್ನ ಯಾರಾದ್ರೂ ಇಟ್ಕೊಳ್ಳಲಿ, ನಂಗೆ ಸಂತೋಷ. ಸಿಳ್ಳು ನಂದಲ್ಲ, ಹಲ್ಲಿಂದು. ಹಲ್ಲು ಹೋಯ್ತು, ಇನ್ನಾದ್ರೂ ನನ್ನ ಬಿಟ್ಬಿಡಿ.”

ಮೂವತ್ತೊಂದು ವರ್ಷ ಅವಳು ಯಾರ ಹೆದರಿಕೆಯೂ ಇಲ್ಲದ ಒಬ್ಬಳ ಸೆರಗು ಹಿಡಿದು ನಡೆದಿದ್ದಳು. ಈಗ ನೋಡಿದರೆ ಆ ಸೆರಗಿನವಳೂ ತನ್ನಷ್ಟೇ ಹೆದರಿದವಳು. ಮೋಸ ಹೋದಂತೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅನ್ನಿಸಿದ್ದು ನಾಚಿಕೆ, ಅದರ ಅಡಿಯಲ್ಲಿ ಎಲ್ಲೋ, ಇಷ್ಟು ಹೆದರಿಕೊಂಡೂ ಇವರು ಮೈಕಿನ ಮುಂದೆ ಹೋಗಿ ನಿಂತರಲ್ಲ ಎಂಬ ಬೆರಗು.

ದೀಪ ಹಚ್ಚಿ ಚಾಕು ಕಾಯಿಸಿದಳು. ಮುಂದಿನ ಹಲ್ಲುಗಳ ಬುಡದ ಮೇಣ ಕರಗಿಸಿ, ಒಂದೊಂದನ್ನೂ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ಡ್ರಾಯರಿನಿಂದ ತುಸು ಅಗಲದ ಹಲ್ಲುಗಳನ್ನು ಆರಿಸಿ, ಒಂದಕ್ಕೊಂದು ತಾಗಿಸಿ ನೆಟ್ಟಗೆ ಕೂರಿಸಿದಳು. ಮೇಣವನ್ನು ತಣ್ಣೀರಿನಲ್ಲಿ ಗಟ್ಟಿ ಮಾಡಿ, ತೊಳೆದು ಕೊಟ್ಟಳು. ಲ್ಯಾಬಿನಲ್ಲಿ ಹೀಗೆ ಬಾಯಿಗಿಟ್ಟು ನೋಡುವುದು ಕ್ರಮವಲ್ಲ. ಒಳಗಿನಿಂದ ದೊಡ್ಡಪ್ಪ ನೋಡಿದರು, ನೋಡದವರಂತೆ ಆ ಕಡೆ ತಿರುಗಿದರು.

ಹಲ್ಲು ಪರೀಕ್ಷಿಸಲು ದೊಡ್ಡಪ್ಪನೇ ಕಟ್ಟಿದ ಒಂದು ವಾಕ್ಯವಿತ್ತು. ಅದನ್ನು ಹೇಳಿಕೊಟ್ಟಳು.

“ಸಾಸಿವೆ ಸೋಸಿ ಸೀಸೆಗೆ ಸುರಿ,” ಅಂದರು ಆಕೆ.

ಸಿಳ್ಳು ಬರಲಿಲ್ಲ. ಅದು ಯಾರ ಮನೆಯ ಅಡುಗೆಮನೆಯಿಂದಲಾದರೂ ಕೇಳಬಹುದಾದ ದನಿಯಾಗಿತ್ತು. ಆಕೆ ಮತ್ತೊಮ್ಮೆ ಹೇಳಿದರು. ಕರವಸ್ತ್ರ ತೊಡೆಯ ಮೇಲೆ ಬಿತ್ತು, ಎತ್ತಿಕೊಳ್ಳಲಿಲ್ಲ. ಕೈಗನ್ನಡಿ ಹಿಡಿದು, “ಸಂಜೆ,” ಅಂದರು. “ಸಮುದ್ರ. ಸೂಜಿ. ಸೇತುವೆ. ಸಕ್ಕರೆ. ಸೋದರತ್ತೆ.” ಹುಡುಕಿ ಹುಡುಕಿ ಹೇಳಿದರು, ಬಹಳ ದಿನ ಬೀಗ ಹಾಕಿದ್ದ ಕೋಣೆಯಿಂದ ಒಂದೊಂದೇ ಸಾಮಾನು ಹೊರಗಿಡುವವರ ಹಾಗೆ. ಸೋದರತ್ತೆ ಅಂದಾಗ ಆಕೆಗೇ ನಗು ಬಂತು. ನಕ್ಕಾಗ ಎರಡು ಕೈಯೂ ಕೆಳಗೇ ಇದ್ದವು.

ಇವಳು ಎದುರು ನಿಂತು ಕೇಳಿದಳು. ಒಂದೊಂದು ಪದಕ್ಕೂ ಅವಳೊಳಗೆ ಏನೋ ಒಂದು ಇಳಿದು ಹೋಗುತ್ತಿತ್ತು. ಆದರೂ ನಿಲ್ಲಿಸಿ ಎಂದು ಅನ್ನಿಸಲಿಲ್ಲ.

ಸೆಟ್ಟನ್ನು ಡಬ್ಬಿಗೆ ಹಾಕಿದ ಮೇಲೆ ಆಕೆ ಶೆಲ್ಫಿನ ಕಡೆ ನೋಡಿದರು. ಹಳೇ ಹಲ್ಲಿನ ಅಚ್ಚನ್ನ ಏನು ಮಾಡ್ತೀರಿ ಎಂದು ಕೇಳಿದರು. ಕೆಲಸ ಮುಗಿದ ಮೇಲೆ ಒಡೆದು ಎಸೆಯುತ್ತೇವೆ ಎಂದಳು. ನನ್ನ ಕಣ್ಣ ಮುಂದೆ ಒಡೀರಿ ಅಂದರು. ಅವಳು ಅದನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕಿದಳು. ಭುಜ ಮುಂದೆ ಮಾಡಿದ ಆ ಹಲ್ಲು ನೆಲದ ಮೇಲೆ ಉರುಳಿಕೊಂಡು ಹೋಯಿತು.

ಅಲ್ಲಿಗೆ ಮುಗಿಯಬಹುದಿತ್ತು. ಆಕೆ ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿದ್ದರು. ಬೀರುವಿನ ವಿಷಯ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

“ಇನ್ನೊಂದಿದೆ,” ಅಂದಳು ಇವಳು. “ಮನೇಲಿ. ನಾನೇ ಮಾಡ್ಕೊಂಡೆ.”

ಆಕೆ ತಿರುಗಿ ಬಂದು ಚೀಲವನ್ನು ಸ್ಟೂಲಿನ ಮೇಲಿಟ್ಟರು. “ಒಬ್ಬ ನನ್ನ ಮನೆ ಹಿಂದಿನ ಕಸದ ಬುಟ್ಟಿ ಕೆದಕಿ ಬಾಚಣಿಗೆ ತಗೊಂಡು ಹೋಗಿದ್ದ. ಹಿಡಿದು ಕೇಳಿದ್ರೆ ನಾನಲ್ಲ ಅಂದ. ಅವತ್ತೇ ಮನೆ ಖಾಲಿ ಮಾಡ್ದೆ, ಹಾಡೂ ಬಿಟ್ಟೆ.” ಇವಳಿಗೆ ಕಡತಪ್ಪನ ಗಾಜಿನ ಕಪಾಟು ಕಣ್ಣಿಗೆ ಕಟ್ಟಿತು. ಅದನ್ನು ಮುಟ್ಟಿದ್ದ ಬೆರಳುಗಳನ್ನು ಕೋಟಿನ ಜೇಬಿಗೆ ಸೇರಿಸಿದಳು. “ನೀವು ನಾನು ಕೇಳೋಕ್ ಮುಂಚೆ ಹೇಳಿದ್ರಿ. ಅದನ್ನ ಏನ್ ಮಾಡ್ಬೇಕು ಅಂತ ನಾನ್ ಹೇಳಲ್ಲ ತಾಯಿ.”

ಮರುದಿನ ಅವಳು ಎಲ್ಲರಿಗಿಂತ ಮುಂಚೆ ಲ್ಯಾಬಿಗೆ ಹೋದಳು. ಪ್ಲಾಸ್ಟರು ಉಜ್ಜುವ ಯಂತ್ರಕ್ಕೆ ನೀರು ಬಿಟ್ಟು, ಚಕ್ರ ತಿರುಗಿಸಿ, ಬೀರುವಿನಿಂದ ತಂದ ಅಚ್ಚನ್ನು ಒತ್ತಿ ಹಿಡಿದಳು. ಹಲ್ಲಿನ ತುದಿ ಹೋಯಿತು, ಸಂದು ಹೋಯಿತು, ವಸಡು ಹೋಯಿತು. ಹಳದಿ ಕೆಸರು ಮೊಣಕೈ ತನಕ ಇಳಿದು ಸಿಂಕಿಗೆ ಹರಿಯಿತು. ಕೊನೆಗೆ ಬೆರಳು ಚಕ್ರಕ್ಕೆ ತಾಗುವಷ್ಟು ತೆಳುವಾದಾಗ ಉಳಿದ ಚೂರನ್ನು ಪುಡಿ ಮಾಡಿ ತೊಳೆದುಬಿಟ್ಟಳು.

ಅಷ್ಟರಲ್ಲಿ ಕಡತಪ್ಪ ಫೋನು ಮಾಡಿದ. ಭಾನುವಾರ ಅವನ ಮನೆಯಲ್ಲಿ ಗುಂಪು ಸೇರುವುದಿತ್ತು. ಸಿಳ್ಳಕ್ಕ ಹೋಗಿಬಿಟ್ಟಳು ಎಂದು ಯಾರೋ ಸುದ್ದಿ ಹಬ್ಬಿಸಿದ್ದಾರೆ, ಎರಡು ದಿನದಿಂದ ಅನ್ನ ಸೇರುತ್ತಿಲ್ಲ, ನಿನ್ನ ಕಿವಿಗೇನಾದರೂ ಬಿತ್ತಾ ತಂಗಿ, ಎಂದು ಕೇಳಿದ. ಮೂವತ್ತು ವರ್ಷದ ಫೈಲುಗಳೆಲ್ಲ ಸೇರಿದರೂ ತೂಗದ ಸುದ್ದಿ ಅವಳ ನಾಲಿಗೆಯ ಮೇಲಿತ್ತು. ಬದುಕಿದ್ದಾರೆ, ನಿನ್ನೆ ಇದೇ ಸ್ಟೂಲಿನ ಮೇಲೆ ಕೂತು ನಕ್ಕರು ಅಂದರೆ ಸಾಕಿತ್ತು. ಆ ಮುದುಕ ಸಂತೋಷಕ್ಕೆ ಮಗುವಿನ ಹಾಗೆ ಅತ್ತುಬಿಡುತ್ತಿದ್ದ. ಆಮೇಲೆ ಯಾವ ಡಾಕ್ಟರು, ಯಾವ ಬೀದಿ, ಯಾವ ಮನೆ ಎಂದು ಕೇಳುತ್ತಿದ್ದ. ಅವನು ಕೇಳದಿದ್ದರೆ ಉಳಿದ ಮೂವತ್ತೈದು ಜನ ಕೇಳುತ್ತಿದ್ದರು.

“ಅಂಥ ಸುದ್ದಿ ನಂಬಬೇಡಿ ಅಣ್ಣ,” ಅಂದಳು. “ಊಟ ಮಾಡಿ ಮೊದಲು.”

ಫೋನಿಟ್ಟು ಕೈ ಒರೆಸಿಕೊಂಡಳು. ಇದನ್ನು ಗುಂಪಿಗೆ ಹೇಳುವುದಿಲ್ಲ, ಗಂಡನಿಗೂ ಇಲ್ಲ. ದೊಡ್ಡಪ್ಪ ಕೇಳಿದರೆ ಪೇಷಂಟು ಸಂದು ಬೇಡ ಅಂದರು, ಮುಚ್ಚಿಕೊಟ್ಟೆ, ಅಷ್ಟೇ. ಹಾಗೆಂದು ತನ್ನೊಳಗೇ ಒಂದು ಸಲ ಹೇಳಿಕೊಂಡು, ಆ ದಿನದ ಮೊದಲ ಡಬ್ಬಿಯ ಮುಚ್ಚಳ ತೆಗೆದು, ಚೀಟಿಯನ್ನು ಮೊದಲಿನಿಂದ ಕೊನೆಯ ತನಕ ಓದಿದಳು.